ಜೀನ್ ಓದಿದರೆ ಸಾಲದು, ಬ್ಯಾಕ್ಟೀರಿಯಾ ಬಾಯಿ ಬಿಡಬೇಕು

ಮಣ್ಣಿನ ಬ್ಯಾಕ್ಟೀರಿಯಾದ ಡಿಎನ್‌ಎ ಓದಿಸುವುದು ಈಗ ಕಷ್ಟದ ಕೆಲಸವಲ್ಲ. ಸ್ಯಾಂಪಲ್ ಕಳಿಸಿದರೆ ಇಡೀ ಜೀನೋಮ್, ಅಂದರೆ ಅದರ ಡಿಎನ್‌ಎ ಪೂರ್ತಿಯಾಗಿ, ಕೈಗೆ ಬರುತ್ತದೆ. ಅದನ್ನು ಆಂಟಿಸ್ಮ್ಯಾಶ್ ಎಂಬ ಉಚಿತ ಸಾಫ್ಟ್‌ವೇರ್‌ಗೆ ಕೊಟ್ಟರೆ, ಆಂಟಿಬಯಾಟಿಕ್‌ನಂಥ ವಸ್ತು ತಯಾರಿಸಬಹುದಾದ ಜೀನ್ ಗುಂಪುಗಳ ಪಟ್ಟಿ ಸಿಗುತ್ತದೆ. ಪಟ್ಟಿ ನೋಡಿದ ವಿದ್ಯಾರ್ಥಿಗಳು ಔಷಧವೇ ಸಿಕ್ಕಿತು ಎಂಬಷ್ಟು ಹಿಗ್ಗುತ್ತಾರೆ. ಹಿಗ್ಗಲಿ, ತಪ್ಪೇನಿಲ್ಲ. ಆದರೆ ಕೈಯಲ್ಲಿರುವುದು ಇನ್ನೂ ಸುಳಿವು ಅಷ್ಟೇ. ಅಲ್ಲಿಂದ ತಕ್ಕಡಿಯಲ್ಲಿ ತೂಗಬಹುದಾದ ಒಂದು ಚಿಟಿಕೆ ಪುಡಿಯವರೆಗಿನ ದಾರಿ ತುಂಬಾ ಉದ್ದ.

ಸ್ಟ್ರೆಪ್ಟೊಮೈಸಿಸ್ ಎಂಬ ಕುಲದ ಬ್ಯಾಕ್ಟೀರಿಯಾಗಳನ್ನೇ ತೆಗೆದುಕೊಳ್ಳಿ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯಲ್ಲಿ ಇವುಗಳ ಪಾಲು ದೊಡ್ಡದು. ಟಿಬಿಗೆ ಮೊದಲ ಆಂಟಿಬಯಾಟಿಕ್ ಆದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದು ಇವುಗಳಿಂದಲೇ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ, ಮಣ್ಣಿನ ಸೂಕ್ಷ್ಮಜೀವಿಗಳ ವಿಜ್ಞಾನಿ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಷಾಟ್ಜ್ ಅದನ್ನು ಹುಡುಕಿದರು. ಆಗಿನ ವಿಧಾನ ನೇರವಾಗಿತ್ತು: ಬೆಳೆಸು, ಪಕ್ಕದಲ್ಲಿ ರೋಗಾಣು ಇಡು, ಸಾಯುತ್ತದೆಯೇ ನೋಡು. ವರ್ಷಗಳು ಕಳೆದಂತೆ ಅದೇ ಹಳೆಯ ವಸ್ತುಗಳು ಮತ್ತೆ ಮತ್ತೆ ಸಿಗತೊಡಗಿದವು.

ತಳಿವಿಜ್ಞಾನ ಇಲ್ಲಿಗೆ ಬಂದದ್ದು ಒಂದು ನೀಲಿ ಬಣ್ಣದ ಬೆನ್ನು ಹತ್ತಿ. ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎಂಬ ಜಾತಿ ಆಕ್ಟಿನೊರೋಡಿನ್ ಎಂಬ ನೀಲಿ ಆಂಟಿಬಯಾಟಿಕ್ ತಯಾರಿಸುತ್ತದೆ. ಯಾವ ಜೀನ್ ಕೆಟ್ಟರೆ ಬಣ್ಣ ನಿಲ್ಲುತ್ತದೆ ಎಂಬುದು ತಟ್ಟೆಯ ಮೇಲೆ ಕಣ್ಣಿಗೇ ಕಾಣುತ್ತದೆ. ಇಂಗ್ಲೆಂಡಿನ ಡೇವಿಡ್ ಹಾಪ್‌ವುಡ್ ಈ ಜಾತಿಯ ಮೇಲೆ ದಶಕಗಳ ಕಾಲ ದುಡಿದರು. 1984ರಲ್ಲಿ ಅವರು ಮತ್ತು ಅವರ ಜೊತೆಗಾರ ಮಾಲ್ಪಾರ್ಟಿಡಾ ಆ ಜೀನ್‌ಗಳೆಲ್ಲ ಒಂದೇ ಕಡೆ ಒತ್ತಾಗಿ ಕೂತಿವೆ ಎಂದು ತೋರಿಸಿದರು. ಆ ತುಂಡನ್ನು ಬೇರೆ ಜಾತಿಗೆ ಹಾಕಿದಾಗ ಅದೂ ಆಕ್ಟಿನೊರೋಡಿನ್ ತಯಾರಿಸಿತು. ಈ ಕ್ಷೇತ್ರದಲ್ಲಿ ನಾವು ಇವತ್ತು ಮಾಡುವ ಕೆಲಸದ ಬಹುಪಾಲು ನಿಂತಿರುವುದು ಇದರ ಮೇಲೆಯೇ. ಜೀನ್‌ಗಳು ಚೆಲ್ಲಾಪಿಲ್ಲಿಯಾಗಿ ಇದ್ದಿದ್ದರೆ ಹುಡುಕುವುದೇ ಅಸಾಧ್ಯವಾಗುತ್ತಿತ್ತು.

2002ರಲ್ಲಿ ಅದೇ ಬ್ಯಾಕ್ಟೀರಿಯಾದ ಜೀನೋಮ್ ಪೂರ್ತಿ ಓದಿದರು. ಸುಮಾರು 87 ಲಕ್ಷ ಡಿಎನ್‌ಎ ಅಕ್ಷರ, 7,825 ಜೀನ್. ಅಷ್ಟು ದಿನ ಅದರಿಂದ ಗೊತ್ತಿದ್ದ ಇಂಥ ವಸ್ತುಗಳು ಬೆರಳೆಣಿಕೆಯಷ್ಟು. ಜೀನೋಮಿನಲ್ಲಿ ಕಂಡ ಜೀನ್ ಗುಂಪುಗಳು 20ಕ್ಕೂ ಹೆಚ್ಚು. ಎಲ್ಲರಿಗಿಂತ ಜಾಸ್ತಿ ಅಧ್ಯಯನ ಮಾಡಿದ್ದ ಜಾತಿಯೇ ಇಷ್ಟನ್ನು ಬಚ್ಚಿಟ್ಟುಕೊಂಡಿತ್ತು!

ಆ ಗುಂಪುಗಳಲ್ಲಿ ಒಂದರ ಕಥೆಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಅದರಲ್ಲಿ ಮೂರು ಘಟಕಗಳಿರುವ ದೊಡ್ಡ ಎಂಜೈಮ್ ಒಂದರ ಜೀನ್ ಇತ್ತು. ಕಟ್ಟಡದ ಕೆಲಸದವರು ಸಾಲಾಗಿ ನಿಂತು ಇಟ್ಟಿಗೆ ದಾಟಿಸುವ ಹಾಗೆ, ಇಂಥ ಎಂಜೈಮಿನ ಪ್ರತಿ ಘಟಕವೂ ಒಂದು ಅಮೈನೊ ಆಮ್ಲವನ್ನು ಹಿಡಿದು ಮುಂದಕ್ಕೆ ದಾಟಿಸುತ್ತದೆ. ಯಾವ ಘಟಕ ಯಾವುದನ್ನು ಹಿಡಿಯುತ್ತದೆ ಎಂಬುದನ್ನು ಜೀನ್ ನೋಡಿಯೇ ಊಹಿಸಬಹುದು. ಜೀನೋಮ್ ಪೂರ್ತಿ ಓದಿ ಮುಗಿಯುವ ಮೊದಲೇ, 2000ದಲ್ಲಿ, ವಿಜ್ಞಾನಿಗಳಾದ ಗ್ರೆಗ್ ಚಾಲಿಸ್ ಮತ್ತು ಜಾಕ್ ರಾವೆಲ್ ಊಹಿಸಿದರು: ಮೂರು ಅಮೈನೊ ಆಮ್ಲಗಳ ಒಂದು ವಸ್ತು, ಕೆಲಸ ಕಬ್ಬಿಣ ಹಿಡಿಯುವುದು. ಸೀಲಿಕೆಲಿನ್ ಎಂದು ಹೆಸರನ್ನೂ ಇಟ್ಟರು.

ಕಬ್ಬಿಣ ಹಿಡಿಯುವ ವಸ್ತು ಬ್ಯಾಕ್ಟೀರಿಯಾಗೆ ಬೇಕಾಗುವುದು ಯಾವಾಗ? ಕಬ್ಬಿಣ ಸಾಲದೆ ಬಂದಾಗ. ಹೊಟ್ಟೆ ತುಂಬ ಊಟ ಹಾಕುವ ಲ್ಯಾಬ್ ಮೀಡಿಯಾದಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಆಹಾರದಲ್ಲಿ) ಅದು ಸುಮ್ನೆ ಯಾಕೆ ತಯಾರಿಸುತ್ತದೆ, ಅಲ್ವಾ? ಹಾಗಾಗಿ ಕಬ್ಬಿಣ ಕಡಿಮೆ ಮಾಡಿ ಬೆಳೆಸಿದರು. ಆ ಎಂಜೈಮಿನ ಜೀನ್ ಕೆಡಿಸಿದ ಬ್ಯಾಕ್ಟೀರಿಯಾವನ್ನೂ ಪಕ್ಕದಲ್ಲೇ ಬೆಳೆಸಿದರು. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದ ವಸ್ತುವೇ ಸೀಲಿಕೆಲಿನ್. 2005ರಲ್ಲಿ ಅದರ ರಚನೆ ಪ್ರಕಟವಾಯಿತು. ಅದರಲ್ಲಿ ಅಮೈನೊ ಆಮ್ಲಗಳು ನಾಲ್ಕಿದ್ದವು! ಅವುಗಳಲ್ಲಿ ಒಂದು ಅಮೈನೊ ಆಮ್ಲವೇ ಎರಡು ಸಲ ಸೇರಿಕೊಂಡಿತ್ತು. ಊಹೆ ವಸ್ತುವಿನವರೆಗೆ ಕರೆದುಕೊಂಡು ಹೋಯಿತು. ಅದರ ನಿಜವಾದ ರೂಪ ತಿಳಿದದ್ದು ಮಾತ್ರ ಕೈಗೆ ತೆಗೆದುಕೊಂಡು ನೋಡಿದ ಮೇಲೆಯೇ.

ಸೀಲಿಕೆಲಿನ್ ಔಷಧವಾಗಲಿಲ್ಲ. ಆದರೆ ಅದೇ ಬಗೆಯ, ಕಬ್ಬಿಣ ಹಿಡಿಯುವ ಇನ್ನೊಂದು ಸ್ಟ್ರೆಪ್ಟೊಮೈಸಿಸ್ ವಸ್ತು ಡೆಸ್‌ಫೆರಿಯೊಕ್ಸಮೈನ್. ಪದೇ ಪದೇ ರಕ್ತ ಪಡೆಯುವ ಥಲಸ್ಸೀಮಿಯಾ ಮಕ್ಕಳ ಮೈಯಲ್ಲಿ ಸೇರಿಕೊಳ್ಳುವ ಹೆಚ್ಚುವರಿ ಕಬ್ಬಿಣವನ್ನು ಹೊರಹಾಕಲು ಅದನ್ನು ಕೊಡುತ್ತಾರೆ.

ಇಷ್ಟೊಂದು ಗುಂಪುಗಳಲ್ಲಿ ಯಾವುದರ ಹಿಂದೆ ಹೋಗಬೇಕು? ನನಗೆ ತುಂಬಾ ಇಷ್ಟವಾದ ದಾರಿ, ಸೂಕ್ಷ್ಮಜೀವಿ ತನ್ನನ್ನು ತಾನು ಹೇಗೆ ಕಾಪಾಡಿಕೊಳ್ಳುತ್ತದೆ ಎಂದು ನೋಡುವುದು. ವಿಷ ತಯಾರಿಸುವ ಜೀವಿ ಅದೇ ವಿಷಕ್ಕೆ ಸಾಯಬಾರದಲ್ಲ! ಕಿಡ್ನಿ ಕಸಿ ಆದವರಿಗೆ ಕೊಡುವ ಮೈಕೊಫೆನೊಲೇಟ್ ಮಾತ್ರೆಯ ಮೂಲ ಪೆನಿಸಿಲಿಯಂ ಶಿಲೀಂಧ್ರದ ಮೈಕೊಫೆನೊಲಿಕ್ ಆಮ್ಲ. ಅದು ಜೀವಕೋಶದ ಒಂದು ಎಂಜೈಮನ್ನು ತಡೆಯುತ್ತದೆ. ಶಿಲೀಂಧ್ರದಲ್ಲಿ ಆ ಆಮ್ಲ ತಯಾರಿಸುವ ಜೀನ್‌ಗಳ ನಡುವೆಯೇ ಅದೇ ಎಂಜೈಮಿನ ಇನ್ನೊಂದು ಪ್ರತಿ ಇದೆ. ಅದು ಈ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಗೊತ್ತಿಲ್ಲದ ಜೀನ್ ಗುಂಪಿನಲ್ಲಿ ಇಂಥ ಹೆಚ್ಚುವರಿ ಪ್ರತಿ ಕಂಡರೆ, ಅಲ್ಲಿ ತಯಾರಾಗುವ ವಸ್ತು ಎಲ್ಲಿಗೆ ಪೆಟ್ಟು ಕೊಡುತ್ತದೆ ಎಂಬುದೂ ಅಂದಾಜಾಗುತ್ತದೆ.

ಬೆಳೆಸಲು ಬಗ್ಗದ ಬ್ಯಾಕ್ಟೀರಿಯಾಗಳೂ ಬೇಕಾದಷ್ಟಿವೆ. ನ್ಯೂಯಾರ್ಕಿನ ಶಾನ್ ಬ್ರೇಡಿ ತಂಡ ಮಣ್ಣಿನಿಂದ ನೇರವಾಗಿ ಡಿಎನ್‌ಎ ತೆಗೆದು, ಬೇಕಾದ ಗುಂಪನ್ನು ಲ್ಯಾಬಿನಲ್ಲಿ ಬೆಳೆಯುವ ಸ್ಟ್ರೆಪ್ಟೊಮೈಸಿಸ್‌ಗೆ ಹಾಕಿ, 2018ರಲ್ಲಿ ಮಲಾಸಿಡಿನ್ ಎಂಬ ಆಂಟಿಬಯಾಟಿಕ್ ಪಡೆಯಿತು. ಹಲವು ಔಷಧಗಳಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಸೋಂಕನ್ನು ಅದು ಇಲಿಗಳ ಗಾಯದಲ್ಲಿ ತಡೆಯಿತು. ಅದ್ಭುತ ಕೆಲಸ. ಆದರೆ ಅಷ್ಟುದ್ದದ ಡಿಎನ್‌ಎ ತುಂಡು ಜೋಡಿಸಿ, ಬೇರೆ ಜಾತಿಯೊಳಗೆ ಅದು ಕೆಲಸ ಮಾಡುವಂತೆ ಮಾಡುವುದು ಸಣ್ಣ ಲ್ಯಾಬುಗಳಿಗೆ ಸುಲಭದ ಮಾತಲ್ಲ. ಜೀವಂತ ಬ್ಯಾಕ್ಟೀರಿಯಾ ಕೈಯಲ್ಲಿದ್ದರೆ ಮೀಡಿಯಾ ಬದಲಿಸಿ ನೋಡಬಹುದು, ಪಕ್ಕದಲ್ಲಿ ಇನ್ನೊಂದು ಜಾತಿ ಬೆಳೆಸಿ ನೋಡಬಹುದು, ಜೀನ್ ಕೆಡಿಸಿ ನೋಡಬಹುದು. ಇದೆಲ್ಲ ಕಡಿಮೆ ಖರ್ಚಿನಲ್ಲಿ ಆಗುತ್ತದೆ.

ಅದಕ್ಕೇ ನನಗೆ ಹೊಟ್ಟೆ ಉರಿಯುವುದು ಪ್ರಾಜೆಕ್ಟ್ ಮುಗಿದ ಕೂಡಲೇ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗಳನ್ನು ಆಟೊಕ್ಲೇವ್‌ಗೆ (ಬಿಸಿ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯಂತ್ರಕ್ಕೆ) ಹಾಕಿ ಎಸೆಯುವುದನ್ನು ಕಂಡಾಗ. ಡಿಎನ್‌ಎ ಅಕ್ಷರಗಳು ಕಂಪ್ಯೂಟರಿನಲ್ಲಿ ಉಳಿಯುತ್ತವೆ, ಬ್ಯಾಕ್ಟೀರಿಯಾ ಇರುವುದಿಲ್ಲ. ಪಶ್ಚಿಮ ಘಟ್ಟದ ಮಣ್ಣಿನಿಂದಲೋ ಕಾಲೇಜಿನ ತೋಟದಿಂದಲೋ ಒಂದು ಜಾತಿ ಬೇರ್ಪಡಿಸಿದ್ದರೆ, ಎಲ್ಲಿಂದ ತೆಗೆದದ್ದು ಎಂದು ಬರೆದು, ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಡಿ. ಒಂದು ಪ್ರತಿಯನ್ನು ಚಂಡೀಗಢದ ಎಂಟಿಸಿಸಿಯಂಥ ಸೂಕ್ಷ್ಮಜೀವಿಗಳ ಸಂಗ್ರಹಕ್ಕೆ ಕಳಿಸಿ. ಜೀನೋಮ್ ಓದಿಸುವುದಕ್ಕೆ ದುಡ್ಡು ಹೊಂದಿಸುವುದು ಆಮೇಲೆ.