ಎರಡು ಕುತ್ತಿಗೆ, ಒಂದೇ ಮೈ: ಕ್ರೋಶಾದಲ್ಲಿ ಗಂಡಭೇರುಂಡ

ಕಳೆದ ಭಾನುವಾರ ಶಿರಸಿಯ ನಮ್ಮ ಮನೆ ಜಗಲಿಯಲ್ಲಿ ಕೂತು ಹೆಣೆದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಮಳೆಗೆ ಬರಲಾಗದವರಿಗೂ, ಬಂದು ಅರ್ಧಕ್ಕೆ ಲೆಕ್ಕ ತಪ್ಪಿದವರಿಗೂ ಉಪಯೋಗ ಆದೀತು. ಚೈನ್, ಸಿಂಗಲ್ ಕ್ರೋಶಾ, ಮ್ಯಾಜಿಕ್ ರಿಂಗ್ ಮೂರೂ ಬರುತ್ತವೆ ಅಂತ ತಿಳಿದು ಬರೆದಿದ್ದೇನೆ.

ಗಂಡಭೇರುಂಡವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಇದು ನಮ್ಮ ಕಣ್ಣಿಗೆ ಪರಿಚಯದ ಹಕ್ಕಿ. ಕರ್ನಾಟಕ ಸರ್ಕಾರದ ಲಾಂಛನದ ನಡುವೆ ಬೆಳ್ಳಗೆ ಕೂತಿರುವುದು ಇದೇ. ಸಾಗರದ ಹತ್ತಿರ ಕೆಳದಿಯ ರಾಮೇಶ್ವರ ದೇವಸ್ಥಾನಕ್ಕೆ ಹೋದವರು ತಲೆ ಎತ್ತಿದರೆ ಚಾವಣಿಯ ಕಲ್ಲಿನಲ್ಲಿ ಕಾಣುತ್ತದೆ. ಬನವಾಸಿ ದಾಟಿ ಬಳ್ಳಿಗಾವಿಗೆ ಹೋದರೆ 1047ರ ಎತ್ತರದ ಕಂಬ ಇದೆ. ಅದರ ತುದಿಯ ಗಂಡಭೇರುಂಡಕ್ಕೆ ಮೈ ಮನುಷ್ಯನದು, ತಲೆ ಎರಡೂ ಹಕ್ಕಿಯದು. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಆನೆಗಳನ್ನೇ ಕಚ್ಚಿ ಹಿಡಿದಿದೆ. ಮೈ ಹೇಗೇ ಬದಲಾಗಲಿ, ಒಂದು ತಲೆ ಎಡಕ್ಕೆ ನೋಡುತ್ತದೆ, ಇನ್ನೊಂದು ಬಲಕ್ಕೆ. ಗೊಂಬೆಯಲ್ಲಿ ನಾವು ಉಳಿಸಿಕೊಳ್ಳಬೇಕಾದದ್ದು ಇದನ್ನೇ. ಎರಡೂ ಒಂದೇ ಕಡೆ ನೋಡಿದರೆ ಅದು ಅಂಟಿಕೊಂಡ ಎರಡು ಗುಬ್ಬಿ ಆಗುತ್ತದೆ, ಅಷ್ಟೇ.

ಹೀಗೆ ಹತ್ತಿ ತುಂಬಿದ ಪುಟ್ಟ ಗೊಂಬೆ ಹೆಣೆಯುವುದಕ್ಕೆ ಜಪಾನಿನಲ್ಲಿ ಅಮಿಗುರುಮಿ ಅನ್ನುತ್ತಾರೆ. ಸಾಲು ಮುಗಿಸಿ ತಿರುಗಿಸುವುದಿಲ್ಲ. ಚಕ್ಕುಲಿ ಸುತ್ತಿದ ಹಾಗೆ ಒಂದೇ ಸಮನೆ ಸುತ್ತುತ್ತಾ ಹೋಗುತ್ತೇವೆ. ಹಾಗಾಗಿ ಸುತ್ತು ಎಲ್ಲಿ ಶುರುವಾಯಿತು ಅಂತ ತಿಳಿಯಲು ಬೇರೆ ಬಣ್ಣದ ದಾರದ ತುಂಡನ್ನು ಸಿಕ್ಕಿಸಿಕೊಳ್ಳಿ. ಇನ್ನೊಂದು ಎಚ್ಚರಿಕೆ: ಅಮೆರಿಕದ ಪುಸ್ತಕಗಳಲ್ಲಿ ಸಿಂಗಲ್ ಕ್ರೋಶಾ ಅಂದಿದ್ದನ್ನೇ ಬ್ರಿಟಿಷ್ ಪುಸ್ತಕಗಳು ಡಬಲ್ ಕ್ರೋಶಾ ಅನ್ನುತ್ತವೆ. ಇಲ್ಲಿ ನಾನು ಹೇಳುವುದೆಲ್ಲ ಅಮೆರಿಕದ ಸಿಂಗಲ್.

ಉಲ್ಲನ್ ದಾರ 50 ಗ್ರಾಂ ಉಂಡೆ ಒಂದು, ಕೊಕ್ಕಿಗೆ ಸ್ವಲ್ಪ ಹಳದಿ, ಕಣ್ಣಿಗೆ ಕಪ್ಪು. ಉಂಡೆಯ ಚೀಟಿಯಲ್ಲಿ 4 ಮಿಲಿಮೀಟರ್ ಕ್ರೋಶಾ ಕಡ್ಡಿ ಅಂತಿದ್ದರೆ ನೀವು 3 ತಗೊಳ್ಳಿ. ಹೆಣಿಗೆ ಬಿಗಿಯಾಗಿರಬೇಕು, ಇಲ್ಲದಿದ್ದರೆ ಒಳಗಿನ ಹತ್ತಿ ಇಣುಕುತ್ತದೆ. ನಮ್ಮ ಮಳೆಗಾಲಕ್ಕೆ ಅಕ್ರಿಲಿಕ್ ದಾರವೇ ಒಳ್ಳೆಯದು, ಹತ್ತಿ ದಾರ ಒಗೆದರೆ ಒಣಗುವುದೇ ಇಲ್ಲ. ತುಂಬುವುದಕ್ಕೂ ಹಾಗೆಯೇ. ಹಿತ್ತಲಿನ ಬೂರುಗದ ಹತ್ತಿ ಮೆತ್ತಗಿರುತ್ತದೆ ನಿಜ, ಆದರೆ ಒದ್ದೆಯಾದರೆ ಗಂಟು ಕಟ್ಟುತ್ತದೆ. ದಿಂಬಿಗೆ ಹಾಕುವ ಪಾಲಿಯೆಸ್ಟರ್ ಹತ್ತಿ ತನ್ನಿ.

ತಲೆಯಿಂದ ಶುರು. ರಿಂಗ್‌ನಲ್ಲಿ 6 ಸ್ಟಿಚ್. ಮುಂದಿನ ಸುತ್ತಿನಲ್ಲಿ ಪ್ರತಿಯೊಂದರಲ್ಲೂ ಎರಡೆರಡು, 12. ಆಮೇಲೆ 18, 24. ಪ್ರತಿ ಸುತ್ತಿಗೂ 6 ಜಾಸ್ತಿ ಆಗುತ್ತಾ ಹೋದರೆ ರೊಟ್ಟಿಯಂತೆ ಚಪ್ಪಟೆಯಾಗಿ ಹರಡುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿದ ಕೂಡಲೇ ಬಟ್ಟಲಿನಂತೆ ಬಾಗುತ್ತದೆ. 24ರಲ್ಲೇ ನಾಲ್ಕು ಸುತ್ತು ಹಾಕಿ, ಆಮೇಲೆ 18ಕ್ಕೆ, 12ಕ್ಕೆ ಇಳಿಸಿ. ಇಳಿಸುವಾಗ ಎರಡು ಸ್ಟಿಚ್‌ಗಳ ಮುಂದಿನ ಎಳೆಯನ್ನು ಮಾತ್ರ ಕಡ್ಡಿಗೆ ತೆಗೆದುಕೊಂಡು ಹೆಣೆದರೆ ತೂತು ಕಾಣುವುದಿಲ್ಲ. ತಲೆಗೆ ಹತ್ತಿ ತುಂಬಿ, 12ರಲ್ಲೇ ಇನ್ನು ನಾಲ್ಕು ಸುತ್ತು ಹಾಕಿದರೆ ಕುತ್ತಿಗೆ. ಉದ್ದ ಮಾಡುವ ಆಸೆ ಬೇಡ, ಜೋತು ಬೀಳುತ್ತದೆ. ಇಂಥ ಎರಡು ಬೇಕು. ಮೊದಲನೆಯದರ ದಾರ ಕತ್ತರಿಸಿ, ಎರಡನೆಯದರದ್ದು ಕತ್ತರಿಸಬೇಡಿ.

ಈಗ ಜೋಡಣೆ. ನನಗೆ ತುಂಬಾ ಇಷ್ಟವಾಗುವ ಭಾಗ ಇದು, ನಿಧಾನ ಓದಿ. ಒಂದು ಮೈ ಮಾಡಿಕೊಂಡು ಅದಕ್ಕೆ ಎರಡನೇ ಕುತ್ತಿಗೆ ಹೊಲಿಯಬಹುದು, ಆದರೆ ಆ ಹೊಲಿಗೆ ಯಾವತ್ತೂ ಕಾಣುತ್ತದೆ, ಮಕ್ಕಳು ಹಿಡಿದು ಎಳೆದರೆ ಅಲ್ಲೇ ಬಿಡುತ್ತದೆ. ಅದರ ಬದಲು ಎರಡನೇ ಕುತ್ತಿಗೆಯ ದಾರದಿಂದ 3 ಚೈನ್ ಹಾಕಿ. ಕಡ್ಡಿಯನ್ನು ಮೊದಲನೇ ಕುತ್ತಿಗೆಯ ಅಂಚಿಗೆ ಚುಚ್ಚಿ ಅದರ ಸುತ್ತ 12 ಸಿಂಗಲ್. ಚೈನ್ ಹತ್ತಿರ ಬಂದಾಗ ಅದರ ಒಂದು ಬದಿಯಲ್ಲಿ 3. ಎರಡನೇ ಕುತ್ತಿಗೆಯ ಸುತ್ತ 12. ಮತ್ತೆ ಚೈನ್‌ನ ಇನ್ನೊಂದು ಬದಿಯಲ್ಲಿ 3. ಒಟ್ಟು 30. ಆ ಮೂರು ಚೈನ್ ಎರಡು ಕುತ್ತಿಗೆಗಳ ನಡುವೆ ಸಂಕದ ಹಾಗೆ. ಎರಡೂ ಬದಿಯಲ್ಲಿ ಹೆಣೆದದ್ದರಿಂದ ಮಧ್ಯೆ ಸಂದು ಉಳಿಯುವುದಿಲ್ಲ. ಎಣಿಸಿದಾಗ 27 ಬಂದರೆ ಚೈನ್‌ನ ಒಂದು ಬದಿ ಮರೆತಿದ್ದೀರಿ ಅಂತ ಅರ್ಥ. ಸುಮ್ನೆ ಮುಂದೆ ಹೋಗಬೇಡಿ, ಬಿಚ್ಚಿ.

ನನ್ನ ಮೊದಲನೇ ಹಕ್ಕಿ ಹಾಳಾಗಿದ್ದು ಬೇರೆ ಕಾರಣಕ್ಕೆ. ತಲೆ ತೆರೆದಿರುವಾಗಲೇ ಹಿಂದಿನಿಂದ ಬಿಲ್ಲೆ ಒತ್ತುವ ಪ್ಲಾಸ್ಟಿಕ್ ಕಣ್ಣು ಕೂರಿಸಿದ್ದೆ. ಗುರುತಿನ ದಾರವೇ ಮುಖದ ನೇರ ಅಂದುಕೊಂಡಿದ್ದೆ. ಜೋಡಿಸಿ ನೋಡಿದರೆ ಒಂದು ತಲೆ ನನ್ನ ಕಡೆ, ಒಂದು ಗೋಡೆ ಕಡೆ. ಆಯಿ ಕೈಯಲ್ಲಿ ತಿರುಗಿಸಿ ನೋಡಿ, “ಕುತ್ತಿಗೆ ಎಂತಕ್ಕೆ ಸೊಟ್ಟ ಇದ್ದು?” ಅಂತ ಕೇಳಿದಳು. ನಿಜವಾಗಿ ಕುತ್ತಿಗೆ ಸೊಟ್ಟ ಇರಲಿಲ್ಲ. ಸುತ್ತಿ ಸುತ್ತಿ ಹೆಣೆಯುವಾಗ ಒಂದು ಸ್ಟಿಚ್ ಕೆಳಗಿನದರ ನೆತ್ತಿಯ ಮೇಲೆ ಸರಿಯಾಗಿ ಕೂರುವುದಿಲ್ಲ. ಬಲಗೈಯವರಿಗೆ ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಬಲಕ್ಕೆ ಸರಿಯುತ್ತದೆ. ಹತ್ತು ಹದಿನಾಲ್ಕು ಸುತ್ತಿನ ಹೊತ್ತಿಗೆ ಗುರುತು ಎಲ್ಲೋ ಇರುತ್ತದೆ.

ಅದಕ್ಕೇ ಮುಖ ಕೊನೆಗೆ. ಕಣ್ಣು, ಕೊಕ್ಕು ಇಲ್ಲದ ತಲೆ ಬರೀ ಚೆಂಡು. ಅದಕ್ಕೆ ಹಿಂದೆ ಮುಂದೆ ಇಲ್ಲ, ಹೇಗೆ ತಿರುಗಿದರೂ ತೊಂದರೆ ಇಲ್ಲ, ಅಲ್ವಾ? ಮೈ ಮುಗಿದ ಮೇಲೆ ಹಕ್ಕಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಗುಂಡುಪಿನ್ನು ಚುಚ್ಚಿ ಜಾಗ ನೋಡಿ, ಕಪ್ಪು ದಾರದಲ್ಲಿ ಕಣ್ಣು ಹೊಲಿಯಿರಿ. ಸಣ್ಣ ಮಕ್ಕಳಿರುವ ಮನೆಗೂ ಹೊಲಿದ ಕಣ್ಣೇ ಸರಿ, ಕಿತ್ತು ಬಾಯಿಗೆ ಹಾಕಿಕೊಳ್ಳುವ ಭಯ ಇಲ್ಲ.

ಮೈಗೆ ಬರೋಣ. 30ರಿಂದ 36ಕ್ಕೆ ಏರಿಸಿ, ಎಂಟು ಸುತ್ತು. ಎರಡನೇ ಸುತ್ತು ಮುಗಿದಾಗ ನಿಲ್ಲಿಸಿ, ಕೆಳಗಿನಿಂದ ಪೆನ್ಸಿಲ್ ಹಿಂಬದಿಯಿಂದ ಕುತ್ತಿಗೆಗಳಿಗೆ ಮತ್ತೆ ಹತ್ತಿ ಒತ್ತಿ. ಹೆಬ್ಬೆರಳಲ್ಲಿ ಅದುಮಿದರೆ ಕುತ್ತಿಗೆ ತಗ್ಗದೆ ವಾಪಸ್ ಬರಬೇಕು. ಆಮೇಲೆ ಸುತ್ತಿಗೆ ಆರರಂತೆ 30, 24, 18 ಮಾಡಿ, ಹತ್ತಿ ತುಂಬಿ, 12, 6 ಮಾಡಿ ಮುಚ್ಚಿ.

ಕೊಕ್ಕಿಗೆ ಹಳದಿಯಲ್ಲಿ 4, 6, 8 ಸ್ಟಿಚ್. ಕೊನೆಯ ಸುತ್ತಿನಲ್ಲಿ 5 ಸಿಂಗಲ್, 3 ಸ್ಲಿಪ್ ಸ್ಟಿಚ್ (ಸಿಂಗಲ್‌ಗಿಂತ ಗಿಡ್ಡ ಸ್ಟಿಚ್) ಹಾಕಿದರೆ ಸ್ಲಿಪ್ ಇರುವ ಕಡೆ ಮೋಟಾಗಿ, ಗಿಡುಗನ ಕೊಕ್ಕಿನಂತೆ ಬಾಗುತ್ತದೆ. ಬಾಗಿದ ಬದಿ ಕೆಳಗೆ ಬರಲಿ. ಎಡತಲೆಯ ಕೊಕ್ಕು ಎಡ ಹೆಗಲಿನ ನೇರಕ್ಕೆ, ಬಲತಲೆಯದು ಬಲ ಹೆಗಲಿನ ನೇರಕ್ಕೆ. ರೆಕ್ಕೆಗೆ 24ರವರೆಗಿನ ವೃತ್ತ ಹೆಣೆದು ಮಡಚಿ ಹೊಲಿಯಿರಿ, ಎರಡು ಬೇಕು. ಬಾಲಕ್ಕೆ 8 ಚೈನ್ ಹಾಕಿ, ಎರಡನೆಯದರಿಂದ ವಾಪಸ್ 7 ಸಿಂಗಲ್ ಹೆಣೆದರೆ ಒಂದು ಗರಿ. ಐದು ಗರಿ ಸಾಕು. ಅವನ್ನು ಮೈಯ ಹಿಂಬದಿಯಲ್ಲಿ ತೀರಾ ಕೆಳಗೆ, ನೆಲಕ್ಕೆ ತಾಗುವ ಹಾಗೆ ಹೊಲಿಯಿರಿ. ಎರಡು ತಲೆಯ ಭಾರಕ್ಕೆ ಹಕ್ಕಿ ಹಿಂದಕ್ಕೆ ವಾಲಿದರೂ ಬಾಲ ಊರಿಕೊಂಡು ನಿಲ್ಲುತ್ತದೆ.