ಕೈಗೆ ತಕ್ಕ ಗ್ರಿಪ್ಪು, ಕಾಲು ಮಿಲಿಮೀಟರಿನ ಲೆಕ್ಕ

ಲಕ್ಷಗಟ್ಟಲೆ ದುಡ್ಡು ಕೊಟ್ಟು ತರಿಸಿದ ಮ್ಯಾಚ್ ಏರ್ ಪಿಸ್ತೂಲಿನ, ಅಂದ್ರೆ ಗಾಳಿಯ ಒತ್ತಡದಲ್ಲಿ ಗುಂಡು ಹಾರಿಸೋ ಸ್ಪರ್ಧೆಯ ಪಿಸ್ತೂಲಿನ, ವಾಲ್ನಟ್ ಮರದ ಗ್ರಿಪ್ಪಿಗೆ (ಹಿಡಿಗೆ) ಅರ ಹಾಕಿ ಉಜ್ಜೋದನ್ನ ಮೊದಲ ಸಲ ನೋಡಿದೋರಿಗೆ ಎದೆ ಧಸಕ್ ಅನ್ನುತ್ತೆ. ನಾನು ಶುರು ಮಾಡಿದಾಗ ನಮ್ಮಪ್ಪ "ಚೆನ್ನಾಗಿರೋದನ್ನ ಯಾಕೋ ಹಾಳು ಮಾಡ್ತೀಯ" ಅಂದಿದ್ರು. ಆದ್ರೆ ಕಂಪನಿಯೋರು ಗ್ರಿಪ್ಪನ್ನ ಸ್ಮಾಲು, ಮೀಡಿಯಮ್ಮು, ಲಾರ್ಜು ಅಂತ ಮಾಡಿ ಕಳಿಸ್ತಾರೆ, ಕೈಗಳು ಹಾಗೆ ಸೈಜ್ ಪ್ರಕಾರ ಹುಟ್ಟಿರಲ್ವಲ್ಲ. ನಂದು ಬೆರಳು ಉದ್ದ, ಅಂಗೈ ತೆಳು, ಮೀಡಿಯಂ ಹಿಡಿದ್ರೆ ಹೆಬ್ಬೆರಳಿನ ಬುಡ ಒತ್ತುತ್ತೆ, ಕಿರುಬೆರಳಿನ ಹತ್ರ ಖಾಲಿ ಜಾಗ.

ಅಷ್ಟು ಸಣ್ಣ ವಿಷಯಕ್ಕೆ ಯಾಕಿಷ್ಟು ತಲೆ ಕೆಡಿಸ್ಕೋಬೇಕು ಅಂದ್ರೆ ಒಂದು ಲೆಕ್ಕ ಹಾಕಿ ನೋಡಿ. 10 ಮೀಟರ್ ಏರ್ ಪಿಸ್ತೂಲಲ್ಲಿ ಹತ್ತು ಪಾಯಿಂಟಿನ ವೃತ್ತದ ಅಗಲ 11.5 ಮಿಲಿಮೀಟರ್, ಹತ್ರ ಹತ್ರ ಒಂದು ಶರ್ಟಿನ ಗುಂಡಿಯಷ್ಟು. ಪೆಲೆಟ್, ಅಂದ್ರೆ ಪಿಸ್ತೂಲಿನ ಪುಟ್ಟ ಗುಂಡು, 4.5 ಮಿಲಿಮೀಟರ್ ಅಗಲ, ಅದರ ಅಂಚು ಗೆರೆಗೆ ತಾಗಿದ್ರೂ ಹತ್ತೇ, ಹಾಗಾಗಿ ಪೆಲೆಟ್ಟಿನ ಮಧ್ಯಭಾಗ ಟಾರ್ಗೆಟ್ಟಿನ ಮಧ್ಯದಿಂದ 8 ಮಿಲಿಮೀಟರ್ ಒಳಗೆ ಬೀಳಬೇಕು. ಇಡೀ ತೋಳು 5 ಮಿಲಿಮೀಟರ್ ಪಕ್ಕಕ್ಕೆ ತೂಗಾಡಿದ್ರೂ ಪಿಸ್ತೂಲು ನೇರವಾಗಿದ್ರೆ ಪೆಲೆಟ್ಟೂ ಅಷ್ಟೇ 5 ಮಿಲಿಮೀಟರ್ ಸರಿಯುತ್ತೆ, ಹತ್ತು ಪಾಯಿಂಟು ಕೈ ತಪ್ಪಲ್ಲ. ಆದ್ರೆ ಮಣಿಕಟ್ಟು ತಿರುಗಿ ಫ್ರಂಟ್ ಸೈಟು (ಗುರಿ ನೋಡೋಕೆ ಪಿಸ್ತೂಲಿನ ಮುಂದಿನ ತುದಿಯಲ್ಲಿರೋ ಕಡ್ಡಿ) ರಿಯರ್ ಸೈಟಿನ (ಹಿಂದೆ ಕಣ್ಣಿನ ಕಡೆ ಇರೋ ಪಟ್ಟಿಯ) ಸಂದಿನಲ್ಲಿ ಸರಿದ್ರೆ ಕಥೆನೇ ಬೇರೆ. ಎರಡು ಸೈಟಿನ ಮಧ್ಯೆ ಸುಮಾರು 32 ಸೆಂಟಿಮೀಟರ್ ಅಂತರ, ಟಾರ್ಗೆಟ್ ಇರೋದು 10 ಮೀಟರ್ ದೂರ, ಅಂದ್ರೆ ಸೈಟಲ್ಲಿ ಆದ ತಪ್ಪು ಟಾರ್ಗೆಟ್ಟಲ್ಲಿ ಮೂವತ್ತೊಂದು ಪಟ್ಟು. ಬರೀ ಕಾಲು ಮಿಲಿಮೀಟರ್ ಸರಿದ್ರೂ ಹತ್ತರ ಅಂಚಿಗೆ ಬಂದು ನಿಲ್ತೀವಿ, ಇನ್ನೊಂಚೂರು ಸರಿದ್ರೆ ಒಂಬತ್ತು.

ಈ ಕಾಲು ಮಿಲಿಮೀಟರನ್ನ ಕಣ್ಣಲ್ಲಿ ನೋಡಿ ಸರಿ ಮಾಡ್ಕೊಂಡ್ರಾಯ್ತು ಅನ್ನೋ ಹಾಗಿಲ್ಲ, ಟ್ರಿಗರ್ ಬಿದ್ದ ಮೇಲೆ ಪೆಲೆಟ್ಟು ಬ್ಯಾರೆಲ್ ದಾಟೋಕೆ ಕೆಲವೇ ಮಿಲಿಸೆಕೆಂಡ್ ಸಾಕು, ನಮ್ಮ ಕಣ್ಣು ನೋಡಿ ಮೆದುಳು ಹೇಳಿ ಕೈ ಅಲ್ಲಾಡೋಕೆ ಇನ್ನೂರು ಮಿಲಿಸೆಕೆಂಡ್ ಹತ್ರ ಬೇಕು. ಅದಕ್ಕೇ ಪಿಸ್ತೂಲು ಕೈಯಲ್ಲಿ ಕೂರೋದೇ ಸರಿಯಾದ ಕೋನದಲ್ಲಿ ಕೂರಬೇಕು, ಪ್ರತಿ ಸಲ ಅದೇ ಕೋನದಲ್ಲಿ, ಕ್ವಾಲಿಫಿಕೇಷನ್ನಿನ, ಅಂದ್ರೆ ಫೈನಲ್ಲಿಗೆ ಮುಂಚಿನ ಸುತ್ತಿನ, ಅರವತ್ತು ಶಾಟಿಗೂ. ಗ್ರಿಪ್ಪು ಮೆತ್ತಗೆ ಹಿತವಾಗಿರ್ಲಿ ಅಂತ ಯಾರೂ ಉಜ್ಜಲ್ಲ. ಬಿಟ್ಟು ಮತ್ತೆ ಹಿಡಿದಾಗ ಕೈ ತಾನಾಗೇ ಅದೇ ಜಾಗಕ್ಕೆ ಹೋಗ್ಬೇಕು, ಅದಕ್ಕೆ ಉಜ್ಜೋದು.

ಎಲ್ಲಿ ಉಜ್ಜಬೇಕು ಅಂತ ಗೊತ್ತಾಗೋಕೆ ನಾನು ಮಾಡೋದು ಹೀಗೆ. ಪೆಲೆಟ್ ಇಲ್ಲ ಅಂತ ಎರಡು ಸಲ ನೋಡಿ, ಗಾಳಿ ತುಂಬಿದ ಸಿಲಿಂಡರ್ ಬಿಚ್ಚಿಟ್ಟು, ಅಂಗೈಗೆ ತೆಳ್ಳಗೆ ಕಾಡಿಗೆ ಸವರ್ಕೊಂಡು ಪಿಸ್ತೂಲನ್ನ ಹಗುರಕ್ಕೆ ಒಂದೇ ಸಲ ಹಿಡಿದು ಬಿಡೋದು. ಜೋರಾಗಿ ಹಿಡಿದ್ರೆ ಅಂಗೈ ಮಾಂಸ ಚಪ್ಪಟೆಯಾಗಿ ಇಡೀ ಮರ ಕಪ್ಪಾಗುತ್ತೆ, ಏನೂ ತಿಳಿಯಲ್ಲ. ಹಗುರಕ್ಕೆ ಹಿಡಿದ್ರೆ ಉಬ್ಬಿರೋ ಕಡೆ ಮಾತ್ರ ಕಾಡಿಗೆ ಅಂಟುತ್ತೆ. ಮೊದಲ ಸಲ ನಂಗೆ ಹೆಬ್ಬೆರಳಿನ ಬುಡದ ಜಾಗದಲ್ಲಿ ಹುಣಸೆ ಬೀಜದಷ್ಟು ಒಂದೇ ಒಂದು ಕಪ್ಪು ಚುಕ್ಕಿ ಬಂತು, ಇಡೀ ಪಿಸ್ತೂಲು ಅದರ ಮೇಲೆ ಬುಗುರಿ ಥರ ತಿರುಗ್ತಾ ಇತ್ತು. ಗ್ರಿಪ್ ಬಿಚ್ಚಿ ಅರದಲ್ಲಿ ನಾಲ್ಕೇ ನಾಲ್ಕು ಸಲ ಎಳೆದು, ಒರೆಸಿ, ಮತ್ತೆ ಹಾಕಿ, ಮತ್ತೆ ಕಾಡಿಗೆ. ಮೂರು ಭಾನುವಾರ ಬೇಕಾಯ್ತು, ಆಮೇಲೆ ಒಂದು ಚುಕ್ಕಿ ಹೋಗಿ ಅಂಗೈ ಉದ್ದಕ್ಕೂ ಮಬ್ಬು ಮಬ್ಬಾಗಿ ಹರಡಿದ ಗುರುತು ಬಂತು. ಇದು ನನ್ನ ಬುದ್ಧಿ ಅಲ್ಲ, ಲಂಡನ್ನಿನ ಹಳೇ ಕಾಲದ ಬಂದೂಕು ಕುಶಲಕರ್ಮಿಗಳು ದೀಪದ ಮಸಿ ಹಿಡಿಸಿ ಕಬ್ಬಿಣಕ್ಕೆ ಕಬ್ಬಿಣ ಹೀಗೇ ಕೂರಿಸ್ತಿದ್ರು, ಫಿಟ್ಟರ್‌ಗಳು ನೀಲಿ ಬಣ್ಣ ಹಚ್ಚಿ ಮಾಡೋದೂ ಇದೇ.

ಖಾಲಿ ಇರೋ ಕಡೆಗೆ ಎಂ-ಸೀಲ್. ಕಲಸಿ ಮೆತ್ತಿ ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಹಿಡಿದ್ರೆ ಕಿರುಬೆರಳಿನ ಅಚ್ಚು ಹಾಗೇ ಮೂಡುತ್ತೆ, ಎಪಾಕ್ಸಿ ಚರ್ಮಕ್ಕೂ ತಾಗಲ್ಲ. ಉಜ್ಜುವಾಗ ಮಾಸ್ಕ್ ಹಾಕ್ಕೊಳ್ಳಿ, ವಾಲ್ನಟ್ ಪುಡಿ ಮೂಗಿಗೆ ಒಳ್ಳೇದಲ್ಲ.

ತೋರುಬೆರಳ ಕಡೆ ಮಾತ್ರ ತದ್ವಿರುದ್ಧ, ಅಲ್ಲಿ ಮರ ಬೆರಳಿಗೆ ತಾಗಲೇಬಾರದು, ತಾಗಿದ್ರೆ ಟ್ರಿಗರ್ ಎಳೆಯೋ ಬೆರಳು ಗ್ರಿಪ್ಪನ್ನೂ ತಳ್ಳುತ್ತೆ. ಅದೂ ಅಲ್ದೆ ನಮ್ಮ ಬೆರಳುಗಳು ಒಂದಕ್ಕೊಂದು ಸ್ವತಂತ್ರ ಅಲ್ಲ, ಸ್ನಾಯು, ನರ ಎಲ್ಲಾ ಒಂದಕ್ಕೊಂದು ಹೆಣೆದುಕೊಂಡಿರೋದ್ರಿಂದ ತೋರುಬೆರಳು ಒತ್ತಿದ್ರೆ ಉಂಗುರಬೆರಳೂ ತುಸು ಒತ್ತುತ್ತೆ, ಬೇಕಾದ್ರೆ ಈಗಲೇ ಮುಷ್ಟಿ ಹಿಡಿದು ನೋಡಿ. ಜೊತೆಗೆ ಕೈಗೆ ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲದ ಸಹಜ ನಡುಕ ಇದ್ದೇ ಇದೆ, ಬಿಗಿ ಹಿಡಿದಷ್ಟೂ ಅದು ಜಾಸ್ತಿ. ಗ್ರಿಪ್ಪು ಅಂಗೈ ತುಂಬಾ ಕೂತಾಗ ಕಮ್ಮಿ ಬಿಗಿಯಲ್ಲೇ ಪಿಸ್ತೂಲು ನಿಲ್ಲುತ್ತೆ, ನನಗಂತೂ ಇದೇ ದೊಡ್ಡ ಲಾಭ ಅನ್ಸುತ್ತೆ.

ಎಷ್ಟೇ ಉಜ್ಜಿದ್ರೂ ಮೆತ್ತಿದ್ರೂ ಸ್ಪರ್ಧೆಯ ನಿಯಮದ ಗೆರೆ ದಾಟೋ ಹಾಗಿಲ್ಲ. ಗ್ರಿಪ್ಪು ಕೈಯನ್ನ ಸುತ್ತುವರಿಯಬಾರದು, ಮಣಿಕಟ್ಟು ಫ್ರೀಯಾಗಿ ಕಾಣಬೇಕು, ಇಡೀ ಪಿಸ್ತೂಲು 420×200×50 ಮಿಲಿಮೀಟರ್ ಡಬ್ಬಿಯೊಳಗೆ ಹಿಡೀಬೇಕು, ತೂಕ 1500 ಗ್ರಾಂ ದಾಟಬಾರದು. 2016ರ ರಿಯೋ ಒಲಿಂಪಿಕ್ಸಲ್ಲಿ 50 ಮೀಟರ್ ಪಿಸ್ತೂಲ್ ಶೂಟ್ ಮಾಡಿದ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರಿಗೂ ಏರ್ ಪಿಸ್ತೂಲ್ ಹಿಡಿದ್ರೆ ಅದೇ ಡಬ್ಬಿ, ನನಗೂ ಅದೇ. ಇನ್ನು ಸಿಲಿಂಡರು, ವಾಲ್ವಿನ ತಂಟೆಗೆ ದಯವಿಟ್ಟು ಹೋಗ್ಬೇಡಿ, ಅದರೊಳಗೆ 200 ಬಾರ್ ಒತ್ತಡ ಇರುತ್ತೆ, ಕಾರ್ ಟೈರಿನ ನೂರು ಪಟ್ಟು ಹತ್ರ.

ಸರಿ ಕೂತಿದೆಯಾ ಅಂತ ನೋಡೋ ಪರೀಕ್ಷೆ ಸುಲಭ, ಪಿಸ್ತೂಲು ಎತ್ತಿ ಸೈಟ್ ಸರಿ ಮಾಡಿ, ಕಣ್ಣು ಮುಚ್ಚಿ ನಾಲ್ಕೈದು ಸೆಕೆಂಡ್ ಕೈ ಸಡಿಲ ಬಿಟ್ಟು ಕಣ್ಣು ತೆಗೆಯೋದು. ಫ್ರಂಟ್ ಸೈಟು ಸಂದಿನ ನಡುವೆಯೇ ಇದ್ರೆ ಅರ ಎತ್ತಿಡಿ. ಮೇಲೋ ಕೆಳಗೋ ಹೋಗಿದ್ರೆ ಮೊದಲು ಸ್ಕ್ರೂ ತಿರುಗಿಸಿ ಗ್ರಿಪ್ಪಿನ ಕೋನ ಬದಲಾಯಿಸಿ ನೋಡಿ, ಸುಮಾರು ಮ್ಯಾಚ್ ಪಿಸ್ತೂಲುಗಳಲ್ಲಿ ಆ ಸೌಲಭ್ಯ ಇದೆ. ಮತ್ತೆ ಈ ಪರೀಕ್ಷೆಯನ್ನ ಹತ್ತು ಹದಿನೈದು ಶಾಟ್ ಹೊಡೆದು ಕೈ ಬೆಚ್ಚಗಾದ ಮೇಲೇ ಮಾಡಿ. ಡಿಸೆಂಬರ್ ಬೆಳಗ್ಗೆ ರೇಂಜಲ್ಲಿ ಚಳಿಗೆ ಕೈ ಸಣ್ಣಗಾಗಿ ಗ್ರಿಪ್ಪು ಲೂಸ್ ಅನ್ಸುತ್ತೆ, ನಾನು ಒಂದು ಸಲ ಹಾಗನ್ಸಿದ್ದಕ್ಕೇ ಎಂ-ಸೀಲ್ ಮೆತ್ತಿ, ಮಧ್ಯಾಹ್ನ ಬಿಸಿಲೇರಿದ ಮೇಲೆ ಅಷ್ಟನ್ನೂ ಉಜ್ಜಿ ತೆಗೀಬೇಕಾಯ್ತು.