ಹೊಸ ಮ್ಯಾನೇಜರ್ ಬಿಗಿ ಹಿಡಿದಾಗ

"ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ನೀನು ಅಳಬೇಡಮ್ಮ, ಮೂರು ತಿಂಗಳು ಕಳೀಲಿ, ತಾನೇ ತಣ್ಣಗಾಗ್ತಾರೆ."

ಪೀಣ್ಯದ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ನಾನು ಎಚ್‌ಆರ್ ವಿಭಾಗ ನೋಡಿಕೊಳ್ಳುತ್ತಿದ್ದಾಗ, ಅಕೌಂಟ್ಸ್‌ನ ಹಿರಿಯರೊಬ್ಬರು ಕಣ್ಣೀರಿಡುತ್ತಿದ್ದ ಹುಡುಗಿಗೆ ಹೇಳಿದ ಮಾತಿದು. ಹೊಸ ಮ್ಯಾನೇಜರ್ ಬಂದು ಆಗ ಎರಡು ವಾರ. ಮಾತಿನಲ್ಲಿ ಅಕ್ಕರೆಯಿತ್ತು, ಆದರೆ ಸಲಹೆ ತಪ್ಪಾಗಿತ್ತು. ಆ ಮೂರು ತಿಂಗಳು ಮುಗಿಯುವುದರೊಳಗೆ 11 ಜನರ ವಿಭಾಗದಲ್ಲಿ ಇಬ್ಬರು ಕೆಲಸ ಬಿಟ್ಟಿದ್ದರು. ಅದಾದ ಮೇಲೆ ಬೇರೆ ಬೇರೆ ಕಚೇರಿಗಳಲ್ಲೂ ಇದನ್ನೇ ಕಂಡಿದ್ದೇನೆ. ಹೊಸ ಮೇಲಧಿಕಾರಿ ಯಾರನ್ನು ನಂಬಬೇಕು, ಯಾರ ಮೇಲೆ ಕಣ್ಣಿಡಬೇಕು ಎಂದು ತೀರ್ಮಾನಿಸುವುದೇ ಈ ಮೊದಲ ಮೂರು ತಿಂಗಳಲ್ಲಿ. ಆ ಹೊತ್ತಿನಲ್ಲಿ ತಲೆತಗ್ಗಿಸಿ ಕೂತವರ ಬಗ್ಗೆಯೂ ಅವರು ಒಂದು ಅಭಿಪ್ರಾಯ ಕಟ್ಟಿಕೊಳ್ಳುತ್ತಾರೆ, ಅದು ಸಾಮಾನ್ಯವಾಗಿ ಒಳ್ಳೆಯದಿರುವುದಿಲ್ಲ.

ಪೀಣ್ಯದ ಆ ಕಚೇರಿಯ ಕಥೆಯನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆಯ ಮ್ಯಾನೇಜರ್ ಒಂಬತ್ತು ವರ್ಷ ಇದ್ದು ನಿವೃತ್ತರಾದವರು. ಹೊಸಬರು ಬಂದ ವಾರದಲ್ಲೇ ನಿಯಮಗಳ ಮಳೆ ಸುರಿಯಿತು. ಬೆಳಿಗ್ಗೆ 9.30ರ ನಂತರ 10 ನಿಮಿಷ ದಾಟಿದರೆ ಲೇಟ್ ಮಾರ್ಕ್, ಮೂರು ಲೇಟ್ ಮಾರ್ಕಿಗೆ ಅರ್ಧ ದಿನದ ಸಂಬಳ ಕಡಿತ. ಸಂಜೆ 6ಕ್ಕೆ ದಿನವಿಡೀ ಏನು ಮಾಡಿದಿರಿ ಎಂದು ಮೇಲ್. ಹೊರಗೆ ಹೋಗುವ ಪ್ರತಿ ಮೇಲಿನಲ್ಲೂ ಅವರಿಗೆ ಸಿಸಿ. ಐನೂರು ರೂಪಾಯಿಯ ವೋಚರ್ ಕೂಡ ಅವರ ಮೇಜಿಗೆ ಹೋಗಿ ಬರಬೇಕು. ಟೀ ಕುಡಿಯಲು ಒಟ್ಟಿಗೆ ಎದ್ದು ಹೋಗುವಂತಿಲ್ಲ. ನೆಲಮಂಗಲದಿಂದ ಬಸ್ಸಿನಲ್ಲಿ ಬರುತ್ತಿದ್ದ ಆ ಹುಡುಗಿ ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ಎರಡು ವಾರದಲ್ಲಿ ನಾಲ್ಕು ಸಲ ತಡವಾಗಿದ್ದಳು.

ವಿಭಾಗದವರಿಗೆ ಗೊತ್ತಿಲ್ಲದ, ನನಗೆ ಗೊತ್ತಿದ್ದ ಸಂಗತಿಯೊಂದಿತ್ತು. ಹಿಂದಿನ ವರ್ಷ ಎರಡು ಬಾರಿ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್, ತಡವಾಗಿ ಹೋಗಿತ್ತು. ಪ್ರತಿ ತಿಂಗಳು ರಿಟರ್ನ್ ಹಾಕುವ ಕಂಪನಿ ಹಿಂದಿನ ತಿಂಗಳ ಮಾರಾಟದ ಬಿಲ್ಲುಗಳನ್ನು 11ನೇ ತಾರೀಕಿನೊಳಗೆ ಹಾಕದಿದ್ದರೆ, 14ಕ್ಕೆ ಸಿದ್ಧವಾಗುವ ಖರೀದಿದಾರರ 2ಬಿ ಪಟ್ಟಿಯಲ್ಲಿ ಅವು ಕಾಣಿಸುವುದಿಲ್ಲ. ಖರೀದಿದಾರರಿಗೆ ಆ ತಿಂಗಳ ತೆರಿಗೆ ಕ್ರೆಡಿಟ್, ಅಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಹಾಗಾಗಿ ದೊಡ್ಡ ಗಿರಾಕಿಯೊಬ್ಬರು ಬಿಲ್ಲಿನ ತೆರಿಗೆ ಮೊತ್ತವನ್ನು ತಡೆಹಿಡಿದಿದ್ದರು, ಮುಂದಿನ ಆರ್ಡರನ್ನೂ ಅಲ್ಲಿಗೇ ನಿಲ್ಲಿಸಿದ್ದರು. ಹೊಸ ಮ್ಯಾನೇಜರನ್ನು ತೆಗೆದುಕೊಳ್ಳುವಾಗ ಎಂಡಿ ನನ್ನೆದುರಿಗೇ ಹೇಳಿದ್ದರು: "ಇನ್ನೊಂದು ಸಲ ಹೀಗಾದರೆ ನಿಮ್ಮನ್ನು ಉಳಿಸಿಕೊಳ್ಳೋಕೆ ಆಗಲ್ಲ." ಆ ಮನುಷ್ಯ ಸ್ವತಃ ಆರು ತಿಂಗಳ ಪ್ರೊಬೇಷನ್ನಿನಲ್ಲಿದ್ದರು. ಮಗಳ ಶಾಲೆ ಬಿಡಿಸಿ, ಮನೆ ಬದಲಿಸಿ ಬೆಂಗಳೂರಿಗೆ ಬಂದಿದ್ದರು.

ಇದನ್ನು ಅವರ ಪರ ವಾದಿಸಲು ಹೇಳುತ್ತಿಲ್ಲ. ವೋಚರಿಗೂ ಟೀಗೂ ಜಿಎಸ್‌ಟಿಗೂ ಸಂಬಂಧವಿಲ್ಲ. ಆದರೆ ಒಂದು ಕಡೆ ಹೆದರಿದವರು ಎಲ್ಲ ಕಡೆಯೂ ಬಿಗಿ ಹಿಡಿಯುತ್ತಾರೆ, ಏಕೆಂದರೆ ಸೋರುವ ಜಾಗ ಯಾವುದು ಎಂದು ಅವರಿಗೆ ಇನ್ನೂ ಗೊತ್ತಿರುವುದಿಲ್ಲ. ಅದು ಗೊತ್ತಿರುವವರು ನೀವು. ನನ್ನ ಬಳಿ ಬರುವವರಿಗೆ ನಾನು ಮೊದಲು ಕೇಳುವ ಪ್ರಶ್ನೆಯೂ ಇದೇ: ಆ ನಿಯಮ ಏನನ್ನು ಕಾಯುತ್ತಿದೆ? ಹತ್ತರಲ್ಲಿ ಏಳೆಂಟು ಜನ ಅದನ್ನು ಯೋಚಿಸಿಯೇ ಇರುವುದಿಲ್ಲ. ಊಹಿಸುವ ಅಗತ್ಯವೂ ಇಲ್ಲ, ಬಾಯಿಬಿಟ್ಟು ಕೇಳಬಹುದು. "ಸರ್, ನಮ್ಮ ಕಡೆಯಿಂದ ಈ ತಿಂಗಳು ಯಾವ ಕೆಲಸ ತಪ್ಪಿದರೆ ನಿಮಗೆ ಹೆಚ್ಚು ತೊಂದರೆ ಆಗುತ್ತೆ?" ಎಂದು ಬಂದ ಹೊಸತರಲ್ಲಿ ಯಾರಾದರೂ ಕೇಳಿದರೆ ಉತ್ತರ ಕೊಡದ ಮ್ಯಾನೇಜರನ್ನು ನಾನು ನೋಡಿದ್ದು ಬಹಳ ಕಡಿಮೆ.

ಆ ವಿಭಾಗದ ಒಬ್ಬ ಸೀನಿಯರ್ ಅಕೌಂಟೆಂಟ್ ಮೂರನೇ ವಾರ ಹಾಗೆ ಕೇಳಿದರು. ಮುಂದಿನ ಸೋಮವಾರ ಬೆಳಿಗ್ಗೆ 11ಕ್ಕೆ ಒಂದೇ ಹಾಳೆಯ ಪಟ್ಟಿ ಕಳಿಸಿದರು. 7ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ), 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ನೌಕರರ ಪಿಎಫ್ ಮತ್ತು ಇಎಸ್‌ಐ ವಂತಿಗೆ, 20ಕ್ಕೆ ಜಿಎಸ್‌ಟಿಆರ್-3ಬಿ, ಅಂದರೆ ಆ ತಿಂಗಳ ಜಿಎಸ್‌ಟಿ ಕಟ್ಟುವ ರಿಟರ್ನ್. ಪ್ರತಿಯೊಂದರ ಮುಂದೆ ಯಾರು ಮಾಡುತ್ತಿದ್ದಾರೆ, ಎಲ್ಲಿಗೆ ಬಂದಿದೆ, ಯಾವ ಬಿಲ್ ಯಾರ ಬಳಿ ನಿಂತಿದೆ ಎಂಬ ವಿವರ. ಪ್ರತಿ ಸೋಮವಾರ ಅದೇ ಹೊತ್ತಿಗೆ ಆ ಹಾಳೆ ಹೋಯಿತು. ಎರಡನೇ ತಿಂಗಳಲ್ಲಿ ಮ್ಯಾನೇಜರೇ ಅವರಿಗೆ, "ಮೇಡಂ, ನೀವು ಸಂಜೆ ರಿಪೋರ್ಟ್ ಕಳಿಸೋದು ಬೇಡ" ಅಂದರು. ಉಳಿದವರು ಕಳಿಸುತ್ತಲೇ ಇದ್ದರು. ಮ್ಯಾನೇಜರ್ ಏನೂ ಮೆತ್ತಗಾಗಲಿಲ್ಲ, ಲೇಟ್ ಮಾರ್ಕ್ ಹಾಗೇ ಉಳಿಯಿತು. ಕೇಳುವ ಮೊದಲೇ ಮಾಹಿತಿ ಸಿಗುತ್ತಿದ್ದ ಕಡೆ ಇಣುಕಿ ನೋಡುವ ಅಗತ್ಯ ಅವರಿಗೆ ಬೀಳಲಿಲ್ಲ, ಅಷ್ಟೆ.

ಕೆಲಸ ಮೈಮೇಲೆ ಬಿದ್ದಾಗ "ಆಗಲ್ಲ" ಅನ್ನುವುದಕ್ಕೂ ಒಂದು ಬಗೆಯಿದೆ. "ಸರ್, ಇವತ್ತು ಎರಡೂ ಆಗೋದಿಲ್ಲ. ಬ್ಯಾಂಕ್ ರಿಕನ್ಸಿಲಿಯೇಷನ್ ಮುಗಿಸಲಾ, ವೆಂಡರ್ ಪೇಮೆಂಟ್ ಹಾಕಲಾ?" ಎಂದು ಕೇಳಿ, ಅವರು ಹೇಳಿದ್ದನ್ನು ಎರಡು ಸಾಲಿನ ಮೇಲಿನಲ್ಲಿ ಬರೆದು ಕಳಿಸಿ. ಆಯ್ಕೆ ಅವರದಾಗುತ್ತದೆ, ನಾಳೆ "ಇದ್ಯಾಕೆ ಆಗಿಲ್ಲ" ಎಂಬ ಪ್ರಶ್ನೆಗೆ ಉತ್ತರವೂ ದಾಖಲೆಯಲ್ಲಿರುತ್ತದೆ. "ಹಳೇ ಸರ್ ಇದ್ದಾಗ ಹೀಗಿರಲಿಲ್ಲ" ಎಂಬ ಮಾತನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ಮ್ಯಾನೇಜರನ್ನು ಬಿಟ್ಟು ಉಳಿದವರೆಲ್ಲ ಇರುವ ವಾಟ್ಸ್‌ಆಪ್ ಗುಂಪಿನ ಬಗ್ಗೆಯೂ ಎಚ್ಚರ. ಅಲ್ಲಿ ಹಂಚಿಕೊಂಡ ಸಿಟ್ಟು ರಾತ್ರಿಯಿಡೀ ಬೆಳೆಯುತ್ತದೆ, ಒಂದಲ್ಲ ಒಂದು ದಿನ ಅದರ ಸ್ಕ್ರೀನ್‌ಶಾಟ್ ಸೇರಬಾರದ ಕಡೆ ಸೇರುತ್ತದೆ. ನನ್ನ ಮೇಜಿಗೇ ಅಂಥವು ಎಷ್ಟೋ ಬಂದಿವೆ.

ಇಷ್ಟು ಹೊತ್ತು ಹೇಳಿದ್ದು ಕೆಲಸದ ಮೇಲಿನ ಬಿಗಿಯ ಬಗ್ಗೆ. ಮನುಷ್ಯರ ಮೇಲಿನ ಬಿಗಿ ಬೇರೆಯೇ ವಿಷಯ. ಎಲ್ಲರೆದುರು ಏರುದನಿಯಲ್ಲಿ ಬೈಯುವುದು, ಕನ್ನಡ ಮಾಧ್ಯಮದಲ್ಲಿ ಓದಿದವರ ಇಂಗ್ಲಿಷನ್ನು ಆಡಿಕೊಳ್ಳುವುದು, ಶೌಚಾಲಯಕ್ಕೆ ಹೋದ ನಿಮಿಷ ಎಣಿಸುವುದು, ಮನೆಯಲ್ಲಿ ಸಾವಾಗಿದ್ದರೂ ರಜೆಗೆ ಸತಾಯಿಸುವುದು. ಇದಕ್ಕೆ ಸೋಮವಾರದ ಹಾಳೆ ಔಷಧವಲ್ಲ. ಇದನ್ನು "ಸ್ವಭಾವ ಸ್ವಲ್ಪ ಗಡಸು" ಎಂದು ಸಹಿಸಿಕೊಂಡವರ ಆರೋಗ್ಯ ಹಾಳಾದದ್ದನ್ನು ಹತ್ತಿರದಿಂದ ನೋಡಿದ್ದೇನೆ, ಆ ನೋವು ಈಗಲೂ ನನ್ನಲ್ಲಿದೆ. ಇಂಥದ್ದು ನಡೆದ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ತಾರೀಕು, ಹೊತ್ತು, ಅವರು ಆಡಿದ ಮಾತು ಇದ್ದ ಹಾಗೆಯೇ, ಪಕ್ಕದಲ್ಲಿ ಯಾರಿದ್ದರು. "ಸದಾ ಅವಮಾನ ಮಾಡುತ್ತಾರೆ" ಎಂಬ ದೂರಿನ ಮೇಲೆ ಯಾವ ಎಚ್‌ಆರ್ ಕೂಡ ಕ್ರಮ ಕೈಗೊಳ್ಳಲಾರರು. ನಾಲ್ಕು ತಾರೀಕು, ನಾಲ್ಕು ಮಾತು, ಇಬ್ಬರು ಸಾಕ್ಷಿಗಳಿದ್ದರೆ ಪಕ್ಕಕ್ಕೆ ಸರಿಸುವುದು ಕಷ್ಟ. ಕಂಪನಿಯ ಕಾಗದಪತ್ರಗಳನ್ನು ಮಾತ್ರ ನಿಮ್ಮ ಸ್ವಂತ ಜಿಮೇಲಿಗೆ ಕಳಿಸಿಕೊಳ್ಳಬೇಡಿ. ಅದನ್ನೇ ತಪ್ಪೆಂದು ನಿಮ್ಮ ಮೇಲೆ ತಿರುಗಿಸಿದ ಪ್ರಕರಣಗಳಿವೆ.

ಮ್ಯಾನೇಜರ್ ಎಷ್ಟೇ ಬಿಗಿಯಾದರೂ ಕಾನೂನಿಗಿಂತ ಕೆಳಗೆ ಹೋಗುವಂತಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ವ್ಯಾಪ್ತಿಗೆ ಬರುವ ಕಚೇರಿಗಳಲ್ಲಿ ವಾರಕ್ಕೆ 48 ಗಂಟೆ ಮೀರಿ ದುಡಿಸಿದರೆ ಹೆಚ್ಚಿನ ಹೊತ್ತಿಗೆ ಎರಡು ಪಟ್ಟು ವೇತನ ಕೊಡಬೇಕು. ವಾರದ ರಜೆ ಕಡ್ಡಾಯ. ಮ್ಯಾನೇಜರ್‌ನಂಥ ಆಡಳಿತ ವರ್ಗದ ಹುದ್ದೆಯಲ್ಲಿರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂಬುದು ನೆನಪಿರಲಿ. ಹೆರಿಗೆ ರಜೆ ಮುಗಿಸಿ ಬಂದ ತಾಯಿಗೆ, ಮಗುವಿಗೆ 15 ತಿಂಗಳು ತುಂಬುವವರೆಗೆ ಮಾಮೂಲಿ ವಿರಾಮದ ಜೊತೆಗೆ ದಿನಕ್ಕೆ ಎರಡು ಬಾರಿ ಹಾಲುಣಿಸುವ ಬಿಡುವು ಕೊಡಬೇಕು. ಅದು ಮ್ಯಾನೇಜರ್ ಮಾಡುವ ಉಪಕಾರವಲ್ಲ. 10 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಬಿಗಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ಮೈ, ಉಡುಪು, ಖಾಸಗಿ ಬದುಕಿನ ಮಾತು ಶುರುವಾದರೆ ನಡೆದ ಮೂರು ತಿಂಗಳೊಳಗೆ ಅಲ್ಲಿಗೆ ಲಿಖಿತ ದೂರು ಕೊಡಿ.

ಲೇಟ್ ಮಾರ್ಕಿನ ಅರ್ಧ ದಿನದ ಕಡಿತಕ್ಕೆ ಈಗ ಬರುತ್ತೇನೆ. ಗೈರಾದ ಹೊತ್ತಿಗೆ ತಕ್ಕಷ್ಟೇ ಸಂಬಳ ಹಿಡಿಯಬಹುದು, ಅದಕ್ಕಿಂತ ಹೆಚ್ಚಿಗೆ ಅಲ್ಲ ಎಂಬುದು ನಮ್ಮ ವೇತನ ಕಾನೂನಿನ ನಿಯಮ. ಮೂರು ದಿನ ಹದಿನೈದು ಹದಿನೈದು ನಿಮಿಷ ತಡವಾದರೆ ಒಟ್ಟು 45 ನಿಮಿಷ, ಅದಕ್ಕೆ ಅರ್ಧ ದಿನ ಹಿಡಿಯುವುದು ಯಾವ ಲೆಕ್ಕ? ಎಚ್‌ಆರ್ ಆಗಿದ್ದ ನಾನೇ ಇದನ್ನು ಮೊದಲ ದಿನ ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ವಿಭಾಗದ ಒಂಬತ್ತು ಜನ ಮೊದಲು ಮಾಡಿದ್ದು ಬೇರೆ. ಎಲ್ಲರೂ ಸಹಿ ಹಾಕಿ ನೇರ ಎಂಡಿಗೆ ಪತ್ರ ಕೊಟ್ಟರು. "ಮ್ಯಾನೇಜರ್ ವರ್ತನೆ ಸರಿಯಿಲ್ಲ, ವಾತಾವರಣ ಕೆಟ್ಟಿದೆ" ಎಂದು ಎರಡು ಪುಟ. ಎಂಡಿ ಅದನ್ನು ಓದಿ, ಮಡಿಚಿ, ಮ್ಯಾನೇಜರ್ ಕೈಗೇ ಕೊಟ್ಟರು. ಆಮೇಲಿನ ಎರಡು ವಾರ ಹೇಗಿದ್ದವು ಎಂದು ವಿವರಿಸಬೇಕಿಲ್ಲ. ಇಬ್ಬರು ರಾಜೀನಾಮೆ ಕೊಟ್ಟದ್ದು ಆಗಲೇ. ಅವರಲ್ಲಿ ಒಬ್ಬರಿಗೆ ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಇಡುಗಂಟಿಗೆ, ಬೇಕಾದ 5 ವರ್ಷ ತುಂಬಲು ಕೆಲವೇ ತಿಂಗಳು ಬಾಕಿಯಿತ್ತು. ಸಿಟ್ಟಿನಲ್ಲಿ ಹೊರಟವರು ಇಂಥದ್ದನ್ನೇ ಬಿಟ್ಟು ಹೋಗುತ್ತಾರೆ: ಗ್ರಾಚ್ಯುಟಿ, ಉಳಿದ ರಜೆಯ ಹಣ, ರಿಲೀವಿಂಗ್ ಲೆಟರ್. ಹೊರಡುವುದು ತಪ್ಪಲ್ಲ. ಲೆಕ್ಕ ಹಾಕಿ ಹೊರಡಬೇಕು.

ಪತ್ರದ ಗದ್ದಲ ಆರಿದ ಮೇಲೆ ಇಬ್ಬರು ನನ್ನ ಬಳಿ ಬಂದರು. ಕೈಯಲ್ಲಿ ಹಾಜರಿಯ ನಕಲು, ಸಂಬಳದ ಚೀಟಿ. ಮ್ಯಾನೇಜರ್ ಗುಣದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಇಷ್ಟು ನಿಮಿಷಕ್ಕೆ ಇಷ್ಟು ಹಣ ಹಿಡಿದಿದ್ದಾರೆ, ಇದು ಸರಿಯೇ ನೋಡಿ ಹೇಳಿ ಸರ್" ಅಂದರು. ನಾನು ನೋಡಿದೆ, ಎಂಡಿಗೆ ತೋರಿಸಿದೆ, ಆ ತಿಂಗಳೇ ಕಡಿತದ ನಿಯಮ ಹೋಯಿತು, ಹಿಡಿದ ಹಣ ವಾಪಸ್ ಬಂತು. ವ್ಯಕ್ತಿಯ ಮೇಲೆ ದೂರು ಬಂದಾಗ ಆಡಳಿತ ಯಾರ ಪಕ್ಷ ವಹಿಸಬೇಕು ಎಂದು ಯೋಚಿಸುತ್ತದೆ. ಲೆಕ್ಕ ಎದುರಿಗೆ ಬಂದಾಗ ಅದನ್ನು ಸರಿ ಮಾಡಬೇಕಾಗುತ್ತದೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಲ್ಲಿ ಕುಂದುಕೊರತೆ ಸಮಿತಿ ಇರಬೇಕೆಂದು ಕಾನೂನೇ ಹೇಳುತ್ತದೆ. ನಿಮ್ಮಲ್ಲಿ ಅದು ಇದ್ದರೆ ಅಲ್ಲಿಗೂ ಹೀಗೇ ಹೋಗಿ: ಒಂದೇ ವಿಷಯ, ಒಂದೇ ಹಾಳೆ.

ಭಾನುವಾರ ಸಂಜೆಯಾದರೆ ಎದೆ ಬಡಿತ ಏರುತ್ತದೆ, ನಿದ್ದೆ ಬರುವುದಿಲ್ಲ, ಮಕ್ಕಳ ಮೇಲೆ ರೇಗುತ್ತೇನೆ ಎನ್ನುವವರು ಇದಾವುದಕ್ಕೂ ಮೊದಲು ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಇದನ್ನು ಓದುತ್ತಿರುವ ಹೊಸ ಮ್ಯಾನೇಜರುಗಳಿಗೂ ಒಂದು ಕೋರಿಕೆ. ನಿಯಮ ಮಾಡುವಾಗ ಕಾರಣವನ್ನೂ ಹೇಳಿ. "ಹೋದ ವರ್ಷ ರಿಟರ್ನ್ ತಡವಾಗಿ ಗಿರಾಕಿ ಕೈತಪ್ಪುವ ಹಾಗಾಯಿತು, ಈ ಸಲ ಹಾಗಾಗಬಾರದು" ಎಂಬ ಒಂದು ಮಾತು ಮೊದಲ ದಿನವೇ ಬಂದಿದ್ದರೆ ಆ ಹನ್ನೊಂದು ಜನರಲ್ಲಿ ಬಹುತೇಕರು ತಾವಾಗಿಯೇ ಕೂತು ಕೆಲಸ ಮುಗಿಸುತ್ತಿದ್ದರು. ಅವರು ಅಂಥವರೇ.

ನೆಲಮಂಗಲದ ಹುಡುಗಿ ಕೆಲಸ ಬಿಡಲಿಲ್ಲ. ತನ್ನ ಸಮಯವನ್ನು 9.45ರಿಂದ 6.15ಕ್ಕೆ ಬದಲಿಸಿಕೊಡಿ ಎಂದು ಕೇಳಬೇಕೆಂದಿದ್ದಳು. 9ನೇ ತಾರೀಕು ಅರ್ಜಿ ಹಿಡಿದು ಹೊರಟವಳನ್ನು ಆ ಸೀನಿಯರ್ ಅಕೌಂಟೆಂಟ್ ಬಾಗಿಲಲ್ಲೇ ತಡೆದರು. "ಇವತ್ತು ಬೇಡ ಕಣೆ, 3ಬಿ ಹೋಗಲಿ." 21ನೇ ತಾರೀಕು ಬೆಳಿಗ್ಗೆ, ರಿಟರ್ನುಗಳೆಲ್ಲ ಹೊತ್ತಿಗೆ ಸರಿಯಾಗಿ ಹೋದ ಮರುದಿನ, ಅವಳು ಕ್ಯಾಬಿನ್ನಿನೊಳಗೆ ಹೋದಳು. ಮ್ಯಾನೇಜರ್ ಅರ್ಜಿ ಓದಿ, ಸಂಜೆ ಬಸ್ಸಿಗೆ ತೊಂದರೆಯಾಗುವುದಿಲ್ಲವೇ ಎಂದು ಮಾತ್ರ ಕೇಳಿ ಸಹಿ ಹಾಕಿದರು.